ಕವ್ವಾಯಿ ಹಿನ್ನೀರಿನಲ್ಲಿ ಉಬ್ಬರ ಕಾದ ಸಂಜೆ

ನಮ್ಮ ಕಾಸರಗೋಡು ಜಿಲ್ಲೆಯ ನದಿಗಳನ್ನು ಹೆಸರಿಸಿರೆಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ನಾಲ್ಕನ್ನು ಥಟ್ಟನೆ ಹೇಳಿ ನಿಂತುಬಿಡುವುದು ವಾಡಿಕೆ. ಕೇರಳದ 44 ನದಿಗಳ ಪೈಕಿ 12 ಈ ಒಂದೇ ಜಿಲ್ಲೆಯಲ್ಲಿವೆ. ಮಕ್ಕಳನ್ನೇಕೆ ದೂರಬೇಕು? ಚಂದ್ರಗಿರಿಯನ್ನು ದಾಟಿದೊಡನೆ ಪರದೇಶಕ್ಕೆ ಬಂದೆವೆಂಬ ಭಾವ ನಮ್ಮ ಕನ್ನಡ ಮನೆಗಳಲ್ಲಿ ಹಿರಿಯರಿಗೂ ಇದೆ. ನನ್ನ ತಾಯಿಯವರು ಎಂಬತ್ತನ್ನು ದಾಟಿದ ಮೇಲೂ ನೀಲೇಶ್ವರವನ್ನು ನೋಡಿರಲಿಲ್ಲ. ರೈಲಿನಲ್ಲಿ ಅದು ಒಂದು ಗಂಟೆಯ ದಾರಿಯೂ ಅಲ್ಲ.

ಆ ನೀಲೇಶ್ವರದ ಬಳಿಯ ಕೋಟಪ್ಪುರಂ ಎಂಬಲ್ಲಿಂದ ದೋಣಿಮನೆಗಳು ಹೊರಡುತ್ತವೆ. ತೇಜಸ್ವಿನಿಯ ನೀರು ಸಮುದ್ರವನ್ನು ಸಮೀಪಿಸುವ ಎಡೆ ಅದು. ಅಲ್ಲಿಂದ ತೆಂಕಣಕ್ಕೆ ತಿರುಗಿದರೆ ಕವ್ವಾಯಿ ಹಿನ್ನೀರು. ಬಡಗು ಕೇರಳದಲ್ಲಿ ಇದಕ್ಕಿಂತ ದೊಡ್ಡ ಹಿನ್ನೀರು ಇಲ್ಲ. ಪಡುವಣದಲ್ಲಿ ಸುಮಾರು 24 ಕಿಲೋಮೀಟರು ಉದ್ದಕ್ಕೆ ವಲಿಯಪರಂಬ ಎಂಬ ಮರಳಿನ ಪಟ್ಟಿ ಹಿನ್ನೀರನ್ನೂ ಅರಬ್ಬೀ ಸಮುದ್ರವನ್ನೂ ಬೇರ್ಪಡಿಸಿದೆ. ಕೆಲವೆಡೆ ಆ ಪಟ್ಟಿ ಎಷ್ಟು ಕಿರಿದೆಂದರೆ, ಅಂಗಳದ ಮುಂದೆ ನಿಶ್ಚಲವಾದ ನೀರು, ಹಿತ್ತಿಲಿನ ಹಿಂದೆ ಅಲೆಗಳ ಮೊರೆತ.

ಇಲ್ಲಿಗೆ ಬರಲು ನಾನು ಬಹುಕಾಲ ಒಪ್ಪಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ. 2007ರ ಫೆಬ್ರವರಿ 20ರಂದು ಎರ್ನಾಕುಳಂ ಜಿಲ್ಲೆಯ ತಟ್ಟೆಕ್ಕಾಡಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳ ದೋಣಿ ಪೆರಿಯಾರಿನಲ್ಲಿ ಮುಳುಗಿ 15 ಮಕ್ಕಳೂ 3 ಮಂದಿ ಅಧ್ಯಾಪಕರೂ ತೀರಿಕೊಂಡರು. ಮರುದಿನ ಪತ್ರಿಕೆಯನ್ನು ಓದಿದ ನಾನು ನಮ್ಮ ಶಾಲೆಯ ಪ್ರವಾಸದ ಪಟ್ಟಿಯಿಂದ ನೀರಿನ ಸ್ಥಳಗಳನ್ನೆಲ್ಲ ಹೊಡೆದುಹಾಕಿದೆ. ಮನೆಗೂ ಅದೇ ಕಟ್ಟಳೆಯಾಯಿತು. ಮಗಳು ಮದುವೆಯಾಗಿ, ಅವಳ ಮಗಳಿಗೂ ಏಳು ವರ್ಷ ತುಂಬಿ, “ಅಜ್ಜಾ, ದೋಣಿ” ಎಂದು ಹಟ ಹಿಡಿದಾಗ ಕಟ್ಟಳೆ ಸಡಿಲಿತು. ಮೊದಲ ಸಲ ಒಂದು ಹಗಲು, ಆ ಮೇಲೆ ರಜೆ ಕೂಡಿಬಂದಾಗಲೆಲ್ಲ ಶನಿವಾರ ಹತ್ತಿ ಭಾನುವಾರ ಇಳಿಯುವುದು ರೂಢಿಯಾಯಿತು. ಹತ್ತುವ ಮೊದಲು ಜೀವರಕ್ಷಕ ಅಂಗಿಗಳನ್ನು ಎಣಿಸುವುದು ನನ್ನ ಕೆಲಸ. ಮನೆಯವರು ನಗುತ್ತಾರೆ, ನಗಲಿ.

ಇಲ್ಲಿ ಹೇಳಹೊರಟಿರುವುದು ತಾಯಿಯವರು ನಮ್ಮೊಂದಿಗೆ ಬಂದ ಸಲದ ಸಂಗತಿ. ಅಮಾವಾಸ್ಯೆಯ ಮರುದಿನ ಶನಿವಾರ. ನಾವು ಒಂಬತ್ತು ಮಂದಿ. ಕಡವಿಗೆ ಬಂದು ನೋಡಿದರೆ, ಮಾತಿನ ಭರದಲ್ಲಿ ನಾನೇ ಎಂದೋ ಕರೆದಿದ್ದ ಭಾವನವರು ಸಂಸಾರಸಮೇತ ಐದು ಮಂದಿ ಬುತ್ತಿ ಸಹಿತ ನಿಂತಿದ್ದಾರೆ. ದೋಣಿಯ ಮೇಲೆ ಬಣ್ಣದಲ್ಲಿ ಬರೆದಿದ್ದ ಸಂಖ್ಯೆ ಹನ್ನೆರಡು. ಚುಕ್ಕಾಣಿ ಹಿಡಿಯುವಾತ ನಮ್ಮನ್ನೆಲ್ಲ ಒಮ್ಮೆ ಕಣ್ಣಿನಲ್ಲೇ ಎಣಿಸಿ, “ಇಬ್ಬರು ಹೆಚ್ಚು, ಮಾಷೇ” ಎಂದ. ಹೆಚ್ಚಾದವರಲ್ಲಿ ಮಕ್ಕಳೂ ಇದ್ದಾರಲ್ಲವೇ ಎಂದರು ಭಾವನವರು. ಆತ ತಲೆಯಲ್ಲಾಡಿಸಿದ. ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ: “ನೀರೇನೂ ಆಳವಿಲ್ಲವಲ್ಲ, ಹೋಗಲಿ ಬಿಡು.” ವರ್ಷಗಟ್ಟಳೆ ಮಕ್ಕಳಿಗೂ ಪೋಷಕರಿಗೂ ದೋಣಿಯ ಅಪಾಯವನ್ನು ವಿವರಿಸಿದ ನಾಲಗೆ, ನಂಟಸ್ತಿಕೆಯ ಮುಂದೆ ಅರೆಗಳಿಗೆಯಲ್ಲಿ ಹೊರಳಿತು. ಆತ ನನಗೆ ಉತ್ತರವನ್ನೇ ಕೊಡಲಿಲ್ಲ; ಏರುಹಲಗೆಯ ಮೇಲೆ ಕುಳಿತು ಬೀಡಿ ಹಚ್ಚಿದ. ಭಾವನವರು ಬುತ್ತಿಯನ್ನೆತ್ತಿಕೊಂಡು ಮುಂದಿನ ಬಸ್ಸಿಗೆ ಹೊರಟುಹೋದರು.

ಮುನಿಸಿನಿಂದಲೇ ಪ್ರಯಾಣ ಆರಂಭವಾಯಿತು. ತಾಯಿಯವರನ್ನು ಸಮಾಧಾನಪಡಿಸಲೆಂದು ದೋಣಿಯ ವಿಷಯವನ್ನು ತೆಗೆದೆ. ಇದಕ್ಕೆ ಮಲಯಾಳದಲ್ಲಿ ಕೆಟ್ಟುವಳ್ಳಂ ಎನ್ನುತ್ತಾರೆ ಎಂದೊಡನೆ, “ಕೆಟ್ಟ ದೋಣಿಗೆ ಇಷ್ಟು ದುಡ್ಡು ಕೊಟ್ಟೆಯೇನೋ?” ಎಂದರು. ಅಲ್ಲಿ ‘ಕೆಟ್ಟು’ ಎಂದರೆ ನಮ್ಮ ‘ಕಟ್ಟು’. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಕಪ್ಪು ಲೇಪವನ್ನು ಬಳಿದು ಸಿದ್ಧಪಡಿಸುತ್ತಿದ್ದ ಸರಕುದೋಣಿ ಇದರ ಪೂರ್ವಜ. ಕುಟ್ಟನಾಡಿನಿಂದ ಭತ್ತ ಹೊತ್ತು ಸಾಗುತ್ತಿತ್ತು. ರಸ್ತೆ, ಸೇತುವೆ, ಲಾರಿಗಳು ಬಂದ ಮೇಲೆ ಕೆಲಸವಿಲ್ಲದೆ ಕಡವಿನಲ್ಲಿ ಕೊಳೆಯುತ್ತಿದ್ದ ಇಂಥ ದೋಣಿಗಳ ಮೇಲೆ 1990ರ ದಶಕದಲ್ಲಿ ಬಿದಿರು ಚಾಪೆಯ ಮಾಡು ಕಟ್ಟಿ, ಮಂಚ ಹಾಕಿ ಪ್ರವಾಸಿಗಳನ್ನು ಕರೆದರು. ಈಗ ಗಳ ಹಾಕಿ ನೂಕುವ ಬದಲು ಯಂತ್ರವಿದೆ. ಅಡಿಗೆಯವನು ಕರಿಮೀನಿನ ಗುಣಗಾನವನ್ನು ಮಾಡಿದ. ಮೀನು ತಿನ್ನದವರೆಂದು ತಿಳಿದ ಮೇಲೆ ನಮ್ಮ ಮೇಲೆ ಅವನಿಗೆ ಕನಿಕರವುಂಟಾಯಿತು. ಆದರೆ ಕುಂಬಳಕಾಯಿಯ ಓಲನ್ ಚೆನ್ನಾಗಿತ್ತು.

ಪಡನ್ನದ ಕಡೆಗೆ ಹೋದಂತೆ ನೀರಿನಲ್ಲಿ ಸಾಲುಸಾಲಾಗಿ ಬಿದಿರಿನ ಚಪ್ಪರಗಳು ಕಾಣುತ್ತವೆ. ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪುಪ್ರಾಣಿಯ ಕೃಷಿ ಅದು. ಮರಿಗಳನ್ನು ಹಗ್ಗಕ್ಕೆ ಬಟ್ಟೆಯಿಂದ ಸುತ್ತಿ ತೂಗಹಾಕಿದರೆ, ಬಟ್ಟೆ ಕೊಳೆತುಹೋಗುವಷ್ಟರಲ್ಲಿ ಅವು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮಳೆಗಾಲಕ್ಕೆ ಮುನ್ನ ಕೊಯ್ಲು. ಮಳೆ ಸುರಿದು ನೀರಿನ ಉಪ್ಪು ಇಳಿದರೆ ಅವು ಬದುಕಲಾರವು. ಇಲ್ಲಿ ಬಹಳಷ್ಟು ಕೃಷಿ ಮಹಿಳೆಯರ ಸ್ವಸಹಾಯ ಸಂಘಗಳದು. ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಹಗ್ಗ ಪರೀಕ್ಷಿಸುತ್ತಿದ್ದ ಇಬ್ಬರನ್ನು ನೋಡಿ ತಾಯಿಯವರು, “ನಮ್ಮ ಅಡಕೆತೋಟವೇ ಸುಖ” ಎಂದರು.

ಸಂಜೆ ನಾಲ್ಕರ ಹೊತ್ತಿಗೆ ದೋಣಿಯ ತಳ ಮೆಲ್ಲನೆ ಉಜ್ಜಿದಂತಾಗಿ ನಿಂತುಬಿಟ್ಟಿತು. ಮರಳದಿಣ್ಣೆ. ಯಂತ್ರ ಗರ್ಜಿಸಿತು, ನೀರು ಕೆಸರಾಯಿತು, ದೋಣಿ ಅಲುಗಲಿಲ್ಲ. ಚುಕ್ಕಾಣಿಯವನು ಗಳ ಇಳಿಸಿ ನೋಡಿ, ಯಂತ್ರವನ್ನು ನಿಲ್ಲಿಸಿ, “ಇನ್ನೂ ಇಳಿಯುತ್ತದೆ. ದೀಪ ಹಚ್ಚುವ ಹೊತ್ತು ದಾಟಬೇಕು” ಎಂದ. ಇನ್ನು ಇಬ್ಬರನ್ನು ಹೆಚ್ಚಾಗಿ ಹತ್ತಿಸಿಕೊಂಡಿದ್ದರೆ ದೋಣಿ ಇನ್ನಷ್ಟು ತಗ್ಗಿ ಇನ್ನೂ ಬೇಗ ಕಚ್ಚಿಕೊಳ್ಳುತ್ತಿತ್ತೆಂಬುದನ್ನು ಆತ ಹೇಳಲಿಲ್ಲ; ಲೆಕ್ಕ ನನಗೇ ತಿಳಿಯಿತು.

ಚಂದ್ರ ಸೂರ್ಯರ ಆಕರ್ಷಣೆ ಒಂದೇ ನೇರದಲ್ಲಿ ಕೂಡುವ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಮೂರು ವೃತ್ತಗಳನ್ನು ಬರೆದು ಕಲಿಸಿದ್ದೇನೆ. ಆದರೆ ಉಬ್ಬರಕ್ಕಾಗಿ ಕಾದದ್ದು ಅದೇ ಮೊದಲು. ಮೊಮ್ಮಗಳು ದೋಣಿಯ ಬದಿಯಲ್ಲಿ ಒದ್ದೆಯ ಗೆರೆಯನ್ನು ನೋಡುತ್ತ, “ಅಜ್ಜಾ, ನೀರು ಎಲ್ಲಿಗೆ ಹೋಯಿತು?” ಎಂದಾಗ, ಮೂರು ವೃತ್ತಗಳ ವಿವರಣೆ ಬಾಯಿಗೆ ಬರಲಿಲ್ಲ. ಪಡುವಣದತ್ತ ಕೈ ತೋರಿಸಿದೆನಷ್ಟೆ.

ಕತ್ತಲಾಗುತ್ತಿದ್ದಂತೆ ತಾಯಿಯವರು, ನಾನೆಂದೂ ಕೇಳದ ಒಂದು ವಿಷಯವನ್ನು ಹೇಳಿದರು. ಅವರ ತವರು ಪಯಸ್ವಿನಿಯ ಆಚೆ ದಡದಲ್ಲಿತ್ತು, ಸೇತುವೆಯಿಲ್ಲದ ಕಾಲ. ಆಟಿ ತಿಂಗಳಿನಲ್ಲಿ ಅಜ್ಜನವರಿಗೆ ಉಲ್ಬಣವೆಂದು ಸುದ್ದಿ ಬಂದಾಗ ಎಳೆಕೂಸಾದ ನನ್ನನ್ನು ಎತ್ತಿಕೊಂಡು ಕಡವಿಗೆ ಓಡಿದರಂತೆ. ನದಿ ಕೆಂಪಾಗಿ ಉಕ್ಕುತ್ತಿತ್ತು. ಅಂಬಿಗ ದೋಣಿಯನ್ನು ಬಿಡಲೊಪ್ಪಲಿಲ್ಲ. ಕಾಲಿಗೆ ಬಿದ್ದರೂ ಒಪ್ಪಲಿಲ್ಲ. ಮೂರನೆಯ ದಿನ ದಾಟಿದಾಗ ಎಲ್ಲವೂ ಮುಗಿದಿತ್ತು. “ಅವನಿಗೆ ನಾನು ಬಯ್ದಷ್ಟು ಇನ್ನಾರಿಗೂ ಬಯ್ದಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನೀನು ಕೈಯಲ್ಲಿದ್ದೆ” ಎಂದರು.

ಏಳು ಗಂಟೆ ಕಳೆದ ಮೇಲೆ ದೋಣಿ ಒಮ್ಮೆ ಓಲಾಡಿತು. ರಾತ್ರಿ ಮೀನುಗಾರರು ಬಲೆ ಬಿಟ್ಟಿರುತ್ತಾರೆಂದು ಯಂತ್ರವನ್ನು ಹಚ್ಚದೆ ಇಬ್ಬರೂ ಗಳ ಹಾಕಿ ನೂಕಿ, ವಲಿಯಪರಂಬದ ಒಂದು ತೆಂಗಿನ ತೋಪಿನ ಅಂಚಿಗೆ ಕಟ್ಟಿದರು. ಆಚೆಗೆ ಸಮುದ್ರ ರಾತ್ರಿಯಿಡೀ ಸದ್ದು ಮಾಡುತ್ತಿತ್ತು. ತಾಯಿಯವರು ಬೆಳಗಿನವರೆಗೂ ಚೆನ್ನಾಗಿ ನಿದ್ರಿಸಿದರು. ನನಗೆ ಅಷ್ಟಾಗಿ ನಿದ್ರೆ ಬರಲಿಲ್ಲ.

ಭಾನುವಾರ ಇಳಿಯುವಾಗ ತಾಯಿಯವರು ಚುಕ್ಕಾಣಿಯವನ ಕೈಗೆ ಹತ್ತು ರೂಪಾಯಿಯ ಹಳೆಯ ನೋಟೊಂದನ್ನಿಟ್ಟು ಕನ್ನಡದಲ್ಲೇ ಏನೋ ಹೇಳಿದರು. ಅವನಿಗೆ ಕನ್ನಡ ಬಾರದು. ಹೂಂಗುಟ್ಟಿ ನೋಟನ್ನು ಕಣ್ಣಿಗೊತ್ತಿಕೊಂಡ. ಊರಿಗೆ ಬಂದು ಕೈಕಾಲು ತೊಳೆದವನೇ ಭಾವನವರ ಮನೆಗೆ ಹೋದೆ. ಕಾಫಿ ಬಂತು, ಮಾತು ಬರಲಿಲ್ಲ. ಹೊರಡುವಾಗ ಅಕ್ಕನೇ ಒಳಗಿನಿಂದ ಕೇಳಿದಳು: “ಮುಂದಿನ ರಜೆಗೆ ಎರಡು ದೋಣಿ ಹೇಳುತ್ತೀಯೋ, ಇಲ್ಲ ನಾವೇ ಹೇಳಬೇಕೋ?”