ಆರು ಕಿಲೋ ನಾನೂರು

ಸಿಕ್ಕಿಂಗೆ ಹೊರಡುವ ಹಿಂದಿನ ಭಾನುವಾರ ಹಳೇ ಪೇಪರಿನವನು ಬಂದಿದ್ದ. ಆರು ತಿಂಗಳ ಪೇಪರು ತೂಗಿ ಮುಗಿಸಿದ ಮೇಲೆ ‘ಒಂದು ನಿಮಿಷ ಇರಪ್ಪ’ ಅಂತ ಒಳಗೆ ಹೋಗಿ, ಕ್ಯಾಮೆರಾ ಚೀಲವನ್ನೂ ಟ್ರೈಪಾಡನ್ನೂ ತಂದು ಅವನ ತಕ್ಕಡಿಯ ಕೊಕ್ಕೆಗೆ ನೇತುಹಾಕಿಸಿದೆ. ಮುಳ್ಳು ಆರು ಕಿಲೋ ನಾನೂರರಲ್ಲಿ ನಿಂತಿತು. ‘ಪೇಪರ್ ರೇಟಲ್ಲಾದ್ರೆ ತೊಂಬತ್ತು ರೂಪಾಯಿ ಆಗುತ್ತೆ ಸಾರ್’ ಅಂದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ‘ಕೊಟ್ಟುಬಿಡಿ’ ಅಂದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. ಬೆನ್ನಿನ ಚೀಲ ಹತ್ತು ಕಿಲೋ ಮೀರಬಾರದು ಎಂದು ಚಾರಣದವರು ಕಳಿಸಿದ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಎರಡು ಲೆನ್ಸು, ನಾಲ್ಕು ಬ್ಯಾಟರಿ, ಫಿಲ್ಟರಿನ ಡಬ್ಬಿ, ಜೊತೆಗೆ ತಾನೊಂದೇ ಎರಡು ಕಿಲೋ ತೂಗುವ ಟ್ರೈಪಾಡು. ಉಳಿದ ಮೂರೂವರೆಯಲ್ಲಿ ಎಂಟು ದಿನದ ಸಂಸಾರ ಹಿಡಿಸಬೇಕು. ಒಂದು ಸ್ವೆಟರು ಹೊರಗೆ ಹೋಯಿತು. ಬನೀನುಗಳ ಸಂಖ್ಯೆ ಇಳಿಯಿತು. ಫಿಲ್ಟರಿನ ಡಬ್ಬಿ ಮಾತ್ರ ಕದಲಲಿಲ್ಲ.

ಕ್ಯಾಮೆರಾದ ಹುಚ್ಚು ನನಗೆ ಬಂದದ್ದು ಅಪ್ಪನಿಂದ. ತೂಕ ಮಾತ್ರ ಸ್ವಯಾರ್ಜಿತ. ಸಾಗರದಲ್ಲಿ ಮೇಷ್ಟರಾಗಿದ್ದ ಅಪ್ಪನ ಹತ್ತಿರ ಇದ್ದದ್ದು ಆಗ್ಫಾ ಕ್ಲಿಕ್ 3 ಎಂಬ ಕರಿ ಡಬ್ಬಿ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು; ಮಿಕ್ಕದ್ದೆಲ್ಲ ದೇವರ ಚಿತ್ತ. 120ರ ರೀಲು ಹಾಕಿದರೆ 12 ಫೋಟೊ ಬರುತ್ತಿದ್ದವು. ಆ ಹನ್ನೆರಡನ್ನು ಅಪ್ಪ ರೇಷನ್ ಅಂಗಡಿಯವನ ಹಾಗೆ ಹಂಚುತ್ತಿದ್ದ: ಗೌರಿಹಬ್ಬಕ್ಕೆ ಎರಡು, ಅತ್ತೆಯ ಮದುವೆಗೆ ನಾಲ್ಕು, ಹೊಸ ಕರುವಿಗೆ ಒಂದು. ರೀಲು ಮುಗಿದು, ತೊಳೆಸಲು ಶಿವಮೊಗ್ಗಕ್ಕೆ ಹೋಗುವವರ ಕೈಗೆ ಕೊಡುವ ಹೊತ್ತಿಗೆ ಆ ಕರುವೇ ಗಬ್ಬವಾಗಿರುತ್ತಿತ್ತು.

ಒಮ್ಮೆ ಜೋಗಕ್ಕೆ ಹೋದಾಗ ಒಂದೇ ಒಂದು ಉಳಿದಿತ್ತು. ಆಷಾಢದ ಮಂಜು. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಿವಿಗಿದ್ದವು, ಕಣ್ಣಿಗಿರಲಿಲ್ಲ. ಅಮ್ಮ ಕ್ಯಾಮೆರಾಕ್ಕೆ ಕೊಡೆ ಹಿಡಿದಳು, ಅಪ್ಪ ನೆನೆಯುತ್ತ ಒಂದು ಗಂಟೆ ಕಾದ. ಮಂಜು ಸರಿದ ಹಾಗೆ ಕಂಡ ಗಳಿಗೆಯಲ್ಲಿ ಒತ್ತಿದ. ತೊಳೆಸಿ ಬಂದದ್ದರಲ್ಲಿ ಬಿಳಿ ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೂ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ಬಂದವರಿಗೆ ‘ಜೋಗ’ ಎಂದು ತೋರಿಸುತ್ತಿದ್ದ. ಅವರೂ ಕಾಫಿ ಕುಡಿಯುತ್ತ ‘ಹೌದೌದು, ಆ ವರ್ಷ ಭಾರೀ ನೀರು’ ಅನ್ನುತ್ತಿದ್ದರು.

ಸಿಕ್ಕಿಂನ ಯುಕ್ಸೋಮಿನಿಂದ ಗೋಯೆಚ ಲಾ ಕಣಿವೆದಾರಿಯ ಕಡೆಗೆ ನಡೆಯುವ ದಾರಿ ಮೊದಲ ದಿನ ಸಾಧುವಾಗಿಯೇ ಇರುತ್ತದೆ. ಕಾಡು, ತೂಗುಸೇತುವೆ, ಕೆಳಗೆ ಪ್ರೇಕ್ ಚು ಹೊಳೆಯ ಸದ್ದು. ಎರಡನೆಯ ದಿನ ಬಖಿಮ್ ದಾಟಿ ತ್ಸೋಕಾದ ಏರು ಹಿಡಿದಾಗ ಹಳೇ ಪೇಪರಿನವನ ತಕ್ಕಡಿ ನೆನಪಾಗತೊಡಗಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಕೇಳಿದವರಿಗೆ ‘ಲೈಟು ನೋಡ್ತಿದೀನಿ’ ಅನ್ನುತ್ತಿದ್ದೆ. ಭೂದೃಶ್ಯದ ಫೋಟೊಗ್ರಾಫರ್ ಆಗಿರುವುದರ ಒಂದು ಅನುಕೂಲವೆಂದರೆ ಇದು, ಉಬ್ಬಸಕ್ಕೆ ಗೌರವದ ಹೆಸರು ಸಿಗುತ್ತದೆ.

ಅಲ್ಲೇ ನನ್ನನ್ನು ಒಬ್ಬರು ದಾಟಿ ಹೋದರು. ಬೆನ್ನಿಗೆ ‘ಡೋಕೊ’ ಎನ್ನುವ ಬಿದಿರ ಬುಟ್ಟಿ, ಅದರ ಭಾರವೆಲ್ಲ ‘ನಾಮ್ಲೊ’ ಪಟ್ಟಿಯ ಮೂಲಕ ಹಣೆಯ ಮೇಲೆ. ನಮ್ಮ ತಂಡದ ಸಾಮಾನನ್ನು ಝೋಗಳು, ಅಂದರೆ ಯಾಕಿಗೂ ಹಸುವಿಗೂ ಹುಟ್ಟಿದ ಮಿಶ್ರತಳಿ, ಹೊರುತ್ತಿದ್ದವು. ಆದರೆ ಝೋ ಮರಕ್ಕೆ ಬಂಡೆಗೆ ಒರೆಸಿಕೊಂಡು ನಡೆಯುವ ಪ್ರಾಣಿ, ಅದರ ಮೇಲೆ ಮೊಟ್ಟೆ ಹೇರುವಂತಿಲ್ಲ. ಹಾಗಾಗಿ ಇಡೀ ತಂಡದ ಮೊಟ್ಟೆ ಈ ದಾಜುವಿನ ಬುಟ್ಟಿಯಲ್ಲಿ. ಅಲ್ಲಿ ಅಣ್ಣನಿಗೆ ದಾಜು ಅನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ ಇರಬಹುದು, ಆದರೆ ನಾನಿದ್ದ ಸ್ಥಿತಿಯಲ್ಲಿ ಎದುರಿಗೆ ಸಿಕ್ಕವರೆಲ್ಲ ಅಣ್ಣಂದಿರೇ.

ಅವರ ಕೈಯಲ್ಲೊಂದು ಮೊಣಕಾಲೆತ್ತರಕ್ಕಿಂತ ತುಸು ಉದ್ದದ ಕೋಲಿತ್ತು. ತುದಿಗೆ ಅಡ್ಡಪಟ್ಟಿ; ಇಂಗ್ಲಿಷಿನ ‘ಟಿ’ ಅಕ್ಷರ. ಅದರ ಹೆಸರು ತೋಕ್ಮಾ. ದಣಿವಾದಾಗ ಕೋಲನ್ನು ಬುಟ್ಟಿಯ ಅಡಿಗೆ ಕೊಟ್ಟು, ಹೊರೆ ಇಳಿಸದೆ ನಿಂತಲ್ಲೇ ಭಾರವನ್ನು ನೆಲಕ್ಕೆ ದಾಟಿಸುವುದು. ಎರಡು ಸ್ವಂತ ಕಾಲು, ಮೂರನೆಯದು ಮರದ್ದು. ‘ದಾಜುವೇ ಒಂದು ಟ್ರೈಪಾಡು’ ಎಂದು ನನ್ನಷ್ಟಕ್ಕೆ ನಕ್ಕೆ. ಅವರೂ ನಕ್ಕು, ನನ್ನ ಟ್ರೈಪಾಡಿಗೆ ಕೈಯೊಡ್ಡಿ ‘ಝೋ ಮೇಲೆ ಹಾಕಿಸಲಾ ಸರ್?’ ಎಂದು ಹಿಂದಿಯಲ್ಲಿ ಕೇಳಿದರು. ಇನ್ನೊಬ್ಬರ ಮೇಲೆ ಹೊರಿಸಬಾರದು ಎಂಬ ನನ್ನ ಆದರ್ಶ ಒಂದೂವರೆ ದಿನ ಬಾಳಿ, ತ್ಸೋಕಾದ ಏರಿನಲ್ಲಿ ತೀರಿಕೊಂಡಿತು.

ಹಿಮಾಲಯದ ಫೋಟೊ ಎಂದರೆ ಮೊದಲಿನಿಂದಲೂ ಬೇರೆಯವರ ಬೆನ್ನೇ. ನಾಟಿಂಗ್‌ಹ್ಯಾಮಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಸ್ಯಾಮ್ಯುಯೆಲ್ ಬೋರ್ನ್ 1863ರಲ್ಲಿ ಶಿಮ್ಲಾದಿಂದ ಹೊರಟಾಗ ಸುಮಾರು 30 ಜನ ಕೂಲಿಗಳಿದ್ದರು. ಆಗಿನದು ಹಸಿ ಪ್ಲೇಟಿನ ಕಾಲ. ಗಾಜಿಗೆ ಅಂಟುಮದ್ದು ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಆರುವುದರೊಳಗೆ ಚಿತ್ರ ತೆಗೆದು, ಅಲ್ಲೇ ತೊಳೆಯಬೇಕು. ಎಂದರೆ ಕ್ಯಾಮೆರಾದ ಜೊತೆಗೆ ಕತ್ತಲೆಕೋಣೆಯೂ ಬೆಟ್ಟ ಹತ್ತಬೇಕು: ಡೇರೆ, ಗಾಜು, ಮದ್ದಿನ ಪೆಟ್ಟಿಗೆಗಳು. 1866ರಲ್ಲಿ ಆತ ಮಣಿರಂಗ್ ಕಣಿವೆದಾರಿಯಲ್ಲಿ, ಆತನ ಲೆಕ್ಕದ 18,600 ಅಡಿ ಎತ್ತರದಲ್ಲಿ, ಹಾಗೆ ಚಿತ್ರ ತೆಗೆದ. ಅಲ್ಲಿ ಕೈ ಮರಗಟ್ಟುವ ಚಳಿಯಲ್ಲಿ ಗಾಜಿನ ಮೇಲೆ ಮದ್ದನ್ನು ಒಂದೇ ಸಮನೆ ಹರಿಸುವುದೆಂದರೆ, ಬೀಸುವ ಗಾಳಿಯಲ್ಲಿ ನೀರ್ದೋಸೆ ಹುಯ್ಯುವುದಕ್ಕಿಂತ ಕಷ್ಟ. ಕೂಲಿಗಳು ಹೊರೆ ಬಿಟ್ಟು ಓಡಿಹೋದರೆಂದು ಆತ ಲಂಡನ್ನಿನ ಫೋಟೊಗ್ರಫಿ ಪತ್ರಿಕೆಗೆ ಸಿಟ್ಟಿನಿಂದ ಬರೆದಿದ್ದಾನೆ. ಓಡದೆ ಇನ್ನೇನು ಮಾಡಿಯಾರು ಅನ್ನಿಸುತ್ತದೆ ನನಗೆ. ಚಿತ್ರದ ಮೂಲೆಯಲ್ಲಿ ಗೀಚಿರುವುದು ಬೋರ್ನ್ ಎಂಬ ಹೆಸರೊಂದೇ.

ಝೋಂಗ್ರಿಯಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿ, ನನ್ನ ಬ್ಯಾಟರಿಗಳು ಮುಷ್ಕರ ಹೂಡಿದವು. ಚಳಿಗೆ ಅವುಗಳ ಶಕ್ತಿ ಉಡುಗುತ್ತದೆ. ರಾತ್ರಿ ತುಂಬಿ ಮಲಗಿದ್ದು ಬೆಳಗ್ಗೆ ಅರ್ಧ. ಎರಡನೆಯ ರಾತ್ರಿಯಿಂದ ನಾಲ್ಕನ್ನೂ ಕಾಲುಚೀಲಕ್ಕೆ ತುಂಬಿ, ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಗೆ ಅವುಚಿಕೊಂಡು ಮಲಗಿದೆ, ಕಾವಿಗೆ ಕೂತ ಕೋಳಿಯ ಹಾಗೆ. ಕ್ಯಾಮೆರಾವನ್ನು ಮಾತ್ರ ಬೆಚ್ಚಗೆ ಇಡಕೂಡದು. ಹೊರಗಿನ ಚಳಿಯಿಂದ ಒಲೆಯ ಗುಡಿಸಲಿಗೆ ತಂದರೆ, ಬಿಸಿ ಕಾಫಿಗೆ ಕನ್ನಡಕ ಮಬ್ಬಾಗುವ ಹಾಗೆ ಲೆನ್ಸು ಬೆವರುತ್ತದೆ. ನಾನು ಒಳಗೆ, ಅದು ಹೊರಗೆ. ಮಡಿ ಮೈಲಿಗೆ ಇಷ್ಟು ಕಟ್ಟುನಿಟ್ಟಾಗಿ ನಮ್ಮಜ್ಜಿಯ ಅಡುಗೆಮನೆಯಲ್ಲೂ ಇರಲಿಲ್ಲ.

ಈ ಬೆಟ್ಟಗಳ ಸುತ್ತ 1899ರಲ್ಲಿ ಡಗ್ಲಸ್ ಫ್ರೆಶ್‌ಫೀಲ್ಡರ ತಂಡದೊಂದಿಗೆ ನಡೆದವನು ವಿಟ್ಟೋರಿಯೊ ಸೆಲ್ಲಾ. ಡಾರ್ಜಿಲಿಂಗಿನಿಂದ ಹೊರಟು ಕಾಂಚನಜುಂಗಾಕ್ಕೆ ಪೂರ್ತಿ ಒಂದು ಪ್ರದಕ್ಷಿಣೆ. ಸೆಪ್ಟೆಂಬರ್ ಕೊನೆಗೆ ಹಿಮ ಸುರಿದು ಡೇರೆಗಳೇ ಹೂತುಹೋಗುವ ಹಾಗಾದಾಗ, ಬಿಳಿ ಹೊದ್ದ ಶಿಖರಗಳನ್ನು ಕಂಡು ಸೆಲ್ಲಾನ ಒಳಗಿನ ಫೋಟೊಗ್ರಾಫರ್ ಕುಣಿದಿರಬೇಕು. ಇಟಲಿಯ ಬಿಯೆಲ್ಲಾದ ಉಣ್ಣೆ ಗಿರಣಿಯ ಮನೆತನದವನು. ಅವನಿಗೂ ಹುಚ್ಚು ಅಪ್ಪನದೇ: ಅಪ್ಪ ಜುಸೆಪ್ಪೆ 1856ರಲ್ಲೇ ಇಟಾಲಿಯನ್ನಿನಲ್ಲಿ ಫೋಟೊಗ್ರಫಿಯ ಪುಸ್ತಕ ಬರೆದಿದ್ದ. ಮಗ ಆಲ್ಪ್ಸ್ ಹತ್ತುವಾಗ ಒಯ್ಯುತ್ತಿದ್ದ ಗಾಜಿನ ಪ್ಲೇಟು 30ಕ್ಕೆ 40 ಸೆಂಟಿಮೀಟರಿನದು, ಒಂದೊಂದೂ ಹತ್ತಿರ ಹತ್ತಿರ ಒಂದು ಕಿಲೋ. ಅವು ಒಡೆಯದ ಹಾಗೆ ಸಾಗಿಸಲು ಪ್ರಾಣಿಗಳ ಬೆನ್ನಿನ ಜೀನನ್ನೇ ಬೇರೆ ಥರ ಮಾಡಿಸಿಕೊಂಡಿದ್ದ. ನನ್ನ ಆರು ಕಿಲೋ ನಾನೂರನ್ನು ಅವನ ಲೆಕ್ಕಕ್ಕೆ ತಿರುಗಿಸಿದರೆ ಕ್ಯಾಮೆರಾ ಇಲ್ಲದೆ ಆರು ಫೋಟೊ.

ಸೆಲ್ಲಾನ ಚಿತ್ರಗಳನ್ನು ಮನಸಾರೆ ಮೆಚ್ಚಿ ಬರೆದ ಅಮೆರಿಕದ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್ 10ರಂದು ಯೋಸೆಮಿಟಿಯ ಹಾಫ್ ಡೋಮ್ ಬಂಡೆಯ ಎದುರು ಹತ್ತಿದಾಗ ಚೀಲದಲ್ಲಿ ಇದ್ದದ್ದು 12 ಪ್ಲೇಟು. ಅಪ್ಪನ ರೀಲಿನಷ್ಟೇ! ದಾರಿಯಲ್ಲೇ ಹತ್ತು ಖರ್ಚಾಗಿ ಮೇಲೆ ಮುಟ್ಟಿದಾಗ ಉಳಿದದ್ದು ಎರಡು. ಒಂದಕ್ಕೆ ಹಳದಿ ಫಿಲ್ಟರ್ ಹಾಕಿ ತೆಗೆದ. ತೆಗೆದ ಮೇಲೆ, ಆಕಾಶ ತನ್ನ ಮನಸ್ಸಿನಲ್ಲಿದ್ದಷ್ಟು ಗಾಢವಾಗಿ ಬರುವುದಿಲ್ಲ ಎಂದು ಹೊಳೆಯಿತು. ಕೊನೆಯದಕ್ಕೆ ಕಡುಗೆಂಪು ಫಿಲ್ಟರ್, ಐದು ಸೆಕೆಂಡು. ಆಕಾಶ ಕಪ್ಪಾಗಿ, ಬಂಡೆ ಎದ್ದು ನಿಂತಿತು. ಆಡಮ್ಸನ ಹೆಸರು ನಿಂತಿರುವುದು ಆ ಹನ್ನೆರಡನೆಯದರ ಮೇಲೆ. ಅಪ್ಪನ ಹನ್ನೆರಡನೆಯದು ನಮ್ಮ ನಡುಮನೆಯಲ್ಲಿ ಈಗಲೂ ಬೆಳ್ಳಗಿದೆ. ನಾನು ಝೋಂಗ್ರಿಯೊಂದರಲ್ಲೇ, ಒಂದು ಸೂರ್ಯೋದಯಕ್ಕೆ, 312 ತೆಗೆದಿದ್ದೆ.

ಮಾರನೆಯ ದಿನ ಕೊಕ್ಚುರಾಂಗಿನ ಹೊಳೆಗೆ ಇಳಿದು ಮತ್ತೆ ಥಾನ್ಸಿಂಗಿಗೆ ಹತ್ತುವಾಗ ಮಧ್ಯಾಹ್ನವೆಲ್ಲ ಮೋಡ. ನಾನು ಎಂದಿನಂತೆ ಕೊನೆಯವನು. ನನಗಿಂತ ಹಿಂದೆ ದಾಜು ಒಬ್ಬರೇ; ಮೊಟ್ಟೆಯ ಬುಟ್ಟಿಗೆ ಅವಸರವಿಲ್ಲ. ಅಕ್ಟೋಬರಿನಲ್ಲಿ ಆ ಕಡೆ ಐದು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಹುಲ್ಲುಗಾವಲಿನ ಅಂಚಿಗೆ ಬಂದು ತಲೆಯೆತ್ತಿದರೆ ಮೋಡ ಹರಿದು, ಪಾಂಡಿಮ್ ಶಿಖರದ ಪಶ್ಚಿಮದ ಮೈಯೆಲ್ಲ ಕೆಂಡ. ಕೆಳಗೆ ಕಣಿವೆಯಲ್ಲಿ ಆಗಲೇ ಕತ್ತಲು. ಕ್ಯಾಮೆರಾ ಕೊರಳಲ್ಲಿತ್ತು. ಕೈ ನಡುಗುತ್ತಿತ್ತು, ಎಂಟನೇ ಒಂದು ಸೆಕೆಂಡು ಬೇಕು ಎಂದು ಮೀಟರು ಹೇಳುತ್ತಿತ್ತು. ಟ್ರೈಪಾಡು ಝೋ ಬೆನ್ನ ಮೇಲೆ ಒಂದು ಗಂಟೆ ಮುಂದಿತ್ತು.

ದಾಜು ನನ್ನ ಮುಖವನ್ನೂ ಬೆಟ್ಟವನ್ನೂ ಒಮ್ಮೆ ನೋಡಿದರು. ಬುಟ್ಟಿಯನ್ನು ಬಂಡೆಯ ಮೇಲೆ ಜೋಪಾನವಾಗಿ ಇಳಿಸಿ, ತೋಕ್ಮಾವನ್ನು ನನ್ನ ಮುಂದೆ ನೆಲಕ್ಕೆ ಊರಿ ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದರು. ಅಡ್ಡಪಟ್ಟಿಯ ನಡುವೆ ಅಂಗೈಗಳ ಉಜ್ಜಾಟಕ್ಕೆ ಸವೆದು ನುಣುಪಾದ ಒಂದು ತಗ್ಗು. ಮಂಕಿ ಕ್ಯಾಪನ್ನು ಮಡಿಸಿ ಅದರೊಳಗಿಟ್ಟು, ಮೇಲೆ ಕ್ಯಾಮೆರಾ ಕೂರಿಸಿ, ಮಂಡಿಯೂರಿದೆ. ಅವರು ಉಸಿರು ಹಿಡಿದದ್ದು ಕೇಳಿಸಿತು. ನಾನೂ ಹಿಡಿದೆ. ಮೂರೋ ನಾಲ್ಕೋ ತೆಗೆಯುವಷ್ಟರಲ್ಲಿ ಕೆಂಪು ಶಿಖರದ ತುದಿಗೆ ಹೋಗಿ ಆರಿತು.

ಪರದೆಯ ಮೇಲೆ ತೋರಿಸಿದೆ. ದಾಜು ಕ್ಯಾಮೆರಾವನ್ನು ಮೂಗಿನ ಹತ್ತಿರ ತಂದುಕೊಂಡು ಕೆಳಗಿನ ಕತ್ತಲಿಗೆ ಬೆರಳಿಟ್ಟರು. ದೊಡ್ಡದು ಮಾಡಿ ಎಂದರು. ಮಾಡಿದೆ. ಹುಲ್ಲಿನ ನಡುವೆ ಒಂದು ಕಿತ್ತಳೆ ಚುಕ್ಕೆ.

‘ಅಡುಗೆ ಟೆಂಟು ಎದ್ದಿದೆ’ ಅಂದರು. ‘ಮೊಟ್ಟೆಗೆ ಕಾಯ್ತಿರ್ತಾರೆ.’

ಕ್ಯಾಪನ್ನು ಕೊಡವಿ ನನ್ನ ಕೈಗಿತ್ತು, ನಾಮ್ಲೊವನ್ನು ಹಣೆಗೇರಿಸಿ, ಕೋಲು ಎತ್ತಿಕೊಂಡು ನಡೆದರು.