ಹಸಿರು ಟೋಪಿಯವರ ಊರು

ನಮ್ಮ ಮಗ ಬರ್ಮಿಂಗ್‌ಹ್ಯಾಮಿನಲ್ಲಿದ್ದಾನೆ ಅಂದರೆ ಎಲ್ಲರೂ ಇಂಗ್ಲೆಂಡ್ ಅಂದುಕೊಳ್ಳುತ್ತಾರೆ. ಇದು ಬೇರೆ ಬರ್ಮಿಂಗ್‌ಹ್ಯಾಮ್, ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯದ್ದು. ನಾವು ಗಂಡಹೆಂಡತಿ ಮೊದಲ ಸಲ ಅಲ್ಲಿಗೆ ಹೋದದ್ದು 2014ರಲ್ಲಿ, ಚಳಿ ಶುರುವಾಗುವ ಹೊತ್ತಿಗೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳುತ್ತಾ ಬೆಳೆದ ನನಗೆ ಆ ಊರು ಪರವೂರು ಅನ್ನಿಸಲೇ ಇಲ್ಲ. ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು ಮೂರೂ ಹತ್ತಿರದಲ್ಲೇ ಸಿಕ್ಕಿದ್ದರಿಂದ ಹುಟ್ಟಿದ ಊರು ಅದು. ಗುಡ್ಡದ ಮೇಲೆ ಕಮ್ಮಾರರ ದೇವರು ವಲ್ಕನ್ನನ 56 ಅಡಿಯ ಮೂರ್ತಿ ನಿಂತಿದೆ, ಪೂರ್ತಿ ಎರಕದ ಕಬ್ಬಿಣದ್ದು. ಸ್ಲಾಸ್ ಅನ್ನುವ ಹಳೆಯ ಕುಲುಮೆಗಳು 1971ರಲ್ಲೇ ಆರಿಹೋಗಿ ಈಗ ಮ್ಯೂಸಿಯಂ ಆಗಿವೆ. ಇವತ್ತು ಊರಿನ ಬಹಳಷ್ಟು ಜನಕ್ಕೆ ಅನ್ನ ಕೊಡುತ್ತಿರುವುದು ಯು.ಎ.ಬಿ., ಅಂದರೆ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆ ಮತ್ತು ಅದರ ದೊಡ್ಡ ಆಸ್ಪತ್ರೆ. ಮಗನ ಕೆಲಸವೂ ಅಲ್ಲೇ, ಒಂದು ಲ್ಯಾಬಿನಲ್ಲಿ.

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಅವರ ತಂದೆ ಸ್ಲಾಸ್ ಕುಲುಮೆಯಲ್ಲಿ ದುಡಿದವರಂತೆ. ನಾನೂ ಕಬ್ಬಿಣದ ಊರಿನವನು ಅಂತ ಗೊತ್ತಾದ ದಿನವೇ ತಮ್ಮ ಜಗಲಿಯಲ್ಲಿ ನನಗೊಂದು ಕುರ್ಚಿ ಹಾಕಿಸಿದರು. ನನ್ನನ್ನು ‘ಸರ್’ ಅಂತಲೂ ನನ್ನ ಹೆಂಡತಿಯನ್ನು ‘ಮ್ಯಾಮ್’ ಅಂತಲೂ ಕರೆಯುತ್ತಿದ್ದರು. ಆ ಕಡೆಯ ಜನರ ಮರ್ಯಾದೆಯೇ ಹಾಗೆ. ಮನೆಯ ಹಿಂದೆ ಅವರು ಗಂಟೆಗಟ್ಟಲೆ ಹೊಗೆಯಲ್ಲಿ ಮಾಂಸ ಬೇಯಿಸುವಾಗ ನಾವು ಅದನ್ನು ತಿನ್ನುವುದಿಲ್ಲವಲ್ಲಾ ಅಂತ ಪೇಚಾಡಿ, ಕಾಗದದ ಚೀಲದಲ್ಲಿ ಬಿಸಿಬಿಸಿ ಬೇಯಿಸಿದ ಕಡಲೆಕಾಯಿ ತಂದುಕೊಟ್ಟರು. ಸಿಪ್ಪೆ ಸಮೇತ, ಉಪ್ಪುನೀರಿನಲ್ಲಿ ಬೆಂದದ್ದು! ಅಲಬಾಮಾದಲ್ಲಿ ಕಡಲೆಕಾಯಿ ಬಹಳ ಬೆಳೆಯುತ್ತಾರೆ, ರಸ್ತೆ ಬದಿಯಲ್ಲಿ ಹಂಡೆ ಇಟ್ಟುಕೊಂಡು ಮಾರುತ್ತಾರೆ. ಬಸವನಗುಡಿಯಲ್ಲಿ ಪರಿಷೆ ನಡೆಯುವ ಕಾಲಕ್ಕೆ ಸರಿಯಾಗಿ ಅಲ್ಲಿ ಕೂತು ಕಡಲೆಕಾಯಿ ಬಿಡಿಸಿ ತಿಂದೆವು. ನನ್ನ ಹೆಂಡತಿಗೆ ಅಮೆರಿಕ ಹಿಡಿಸಿದ್ದೇ ಅವತ್ತಿನಿಂದ.

ಮಾತು ಎಲ್ಲಿಗೋ ಹೋಯಿತು. ಹೇಳಹೊರಟದ್ದು ಫುಟ್ಬಾಲ್ ವಿಷಯ. ಅವರ ಫುಟ್ಬಾಲ್ ನಮ್ಮದಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್ಟು, ಒಬ್ಬರ ಮೇಲೊಬ್ಬರು ಬೀಳುವುದು. ಅಲಬಾಮಾದಲ್ಲಿ ಪ್ರತಿ ಮನೆಯೂ ಒಂದೋ ಟಸ್ಕಲೂಸಾದ ವಿಶ್ವವಿದ್ಯಾಲಯದ ಕಡೆ, ಇಲ್ಲವೇ ಆಬರ್ನ್ ಕಡೆ. ಎರಡೂ ದೇಶಕ್ಕೇ ದೊಡ್ಡ ತಂಡಗಳು. ಇವರ ನಡುವೆ ಯು.ಎ.ಬಿ. ಬ್ಲೇಜರ್ಸ್ ತಂಡವನ್ನು ಹಚ್ಚಿಕೊಂಡವರು ಕಡಿಮೆ. ನಮ್ಮ ಹಿರಿಯರು ಅಂಥವರಲ್ಲೊಬ್ಬರು. ತಂಡ ಅಧಿಕೃತವಾಗಿ ಕಣಕ್ಕಿಳಿದದ್ದು 1991ರಲ್ಲಿ, ಇವರು ಆಗಿನಿಂದಲೂ ಹಸಿರು ಟೋಪಿ ಹಾಕಿಕೊಂಡು ಲೀಜನ್ ಫೀಲ್ಡ್ ಮೈದಾನಕ್ಕೆ ಹೋಗುತ್ತಿದ್ದವರು. ಎಪ್ಪತ್ತು ಸಾವಿರ ಜನ ಹಿಡಿಸುವ ಆ ಹಳೆಯ ಮೈದಾನ ಈ ತಂಡದ ಆಟಕ್ಕೆ ಎಂದೂ ತುಂಬುತ್ತಿರಲಿಲ್ಲ. ಸೋಲುಗಳೇ ಹೆಚ್ಚು. ಸೀಸನ್ ಮುಗಿದ ಮೇಲೆ ಆಡುವ ‘ಬೋಲ್’ ಪಂದ್ಯ ಅವರ ಪಾಲಿಗೆ ಬಂದದ್ದು 2004ರಲ್ಲಿ ಒಂದೇ ಒಂದು ಸಲ.

ನಾವು ಹೋದ 2014ರಲ್ಲಿ ಮಾತ್ರ ಗಾಳಿ ಬದಲಾಗಿತ್ತು. ಬಿಲ್ ಕ್ಲಾರ್ಕ್ ಅನ್ನುವ ಹೊಸ ಕೋಚ್ ಬಂದಿದ್ದರು, ನೋಡಲು ಬರುವ ಜನವೂ ಹೆಚ್ಚಾಗಿದ್ದರು. ನವೆಂಬರ್ ಕೊನೆಯ ಶನಿವಾರ ಪಕ್ಕದ ಮಿಸಿಸಿಪಿ ರಾಜ್ಯದಲ್ಲಿ ಸದರ್ನ್ ಮಿಸ್ ತಂಡದ ಮೇಲೆ ಕೊನೆಯ ಆಟ. ಹಿರಿಯರ ಮನೆಯ ಟೀವಿ ಮುಂದೆ ನಾನೂ ಇದ್ದೆ. ಅವರಿಗೊಂದು ಅಭ್ಯಾಸ, ಆಟ ನಡೆಯುವಾಗ ಕೂರುತ್ತಿರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಿದ್ದರು. ಚೆಂಡನ್ನು ಕಂಬಗಳ ನಡುವೆ ಒದೆಯುವ ಗಳಿಗೆ ಬಂದರೆ ಟೀವಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ, ‘ಹೋಯಿತೋ? ಹೋಯಿತೋ?’ ಅಂತ ನನ್ನನ್ನು ಕೇಳುತ್ತಿದ್ದರು. ನಿಯಮವೇ ತಿಳಿಯದ ನಾನು ಟೀವಿಯ ಗದ್ದಲ ಕೇಳಿ ಉತ್ತರ ಹೇಳಬೇಕು. 45ಕ್ಕೆ 24ರಿಂದ ಗೆದ್ದರು. ಆರು ಗೆಲುವಾಯಿತು, ಹತ್ತು ವರ್ಷದ ಮೇಲೆ ಮತ್ತೆ ಬೋಲ್ ಪಂದ್ಯಕ್ಕೆ ಅರ್ಹತೆ ಬಂತು.

ಆದರೆ ಆಗಲೇ ಊರಲ್ಲಿ ಗುಸುಗುಸು ಎದ್ದಿತ್ತು. ಮಂಗಳವಾರ, ಡಿಸೆಂಬರ್ 2ಕ್ಕೆ ಅದು ನಿಜವಾಯಿತು. ವಿಶ್ವವಿದ್ಯಾಲಯದ ಅಧ್ಯಕ್ಷ ರೇ ವಾಟ್ಸ್ ಫುಟ್ಬಾಲನ್ನು ನಿಲ್ಲಿಸುತ್ತೇವೆ ಅಂತ ಪ್ರಕಟಿಸಿದರು. ಜೊತೆಗೆ ರೈಫಲ್, ಬೌಲಿಂಗ್ ತಂಡಗಳೂ ಹೋದವು. ಮುಂದಿನ ಐದು ವರ್ಷಕ್ಕೆ ಹೆಚ್ಚುವರಿಯಾಗಿ 4.9 ಕೋಟಿ ಡಾಲರ್ ಬೇಕಾಗುತ್ತದೆ, ಅಷ್ಟನ್ನು ಹೊರಲಾಗದು ಅನ್ನುವುದು ಅವರು ಕೊಟ್ಟ ಲೆಕ್ಕ.

ಹಿರಿಯರು ತಮ್ಮ ಪಿಕಪ್ ಗಾಡಿಯಲ್ಲಿ ನನ್ನನ್ನೂ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದರು. ಆ ದಿನ ಜಿನುಗುಮಳೆಯಿತ್ತು ಅಂತ ನನ್ನ ನೆನಪು, ಬರೀ ಮೋಡ ಅಂತ ನನ್ನ ಹೆಂಡತಿಯ ವಾದ. ಹಸಿರಂಗಿ ತೊಟ್ಟ ಹುಡುಗ ಹುಡುಗಿಯರು, ರಟ್ಟಿನ ಮೇಲೆ ಬರೆದುಕೊಂಡು ಬಂದವರು, ಆಫೀಸಿನಿಂದ ಟೈ ಸಮೇತ ಓಡಿಬಂದವರು, ಎಲ್ಲರೂ ಕಟ್ಟಡದ ಮುಂದೆ ಸೇರಿದ್ದರು. ಅಧ್ಯಕ್ಷರು ಆಟಗಾರರ ಜೊತೆ ಮಾತು ಮುಗಿಸಿ ಪೊಲೀಸರ ನಡುವೆ ಹೊರಬಂದಾಗ ಎದ್ದ ಕೂಗು ಇನ್ನೂ ಕಿವಿಯಲ್ಲಿದೆ. ಹಿಂದೆಯೇ ಬಂದ ಆಟಗಾರರು ಆಳೆತ್ತರದ, ಬಾಗಿಲಗಲದ ಹುಡುಗರು. ಅಂಥವರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಬಿಕ್ಕುತ್ತಿದ್ದರು. ಒಳಗೆ ನಡೆದದ್ದರ ವಿಡಿಯೋವನ್ನು ಆಮೇಲೆ ದೇಶವೆಲ್ಲ ನೋಡಿತು. ಸೈನ್ಯದಲ್ಲಿದ್ದು ಬಂದ ಒಬ್ಬ ಆಟಗಾರ ಎದ್ದು ನಿಂತು, ಈ ಹುಡುಗರು ಸಾವಿರಾರು ಮೈಲಿಯಾಚೆಯಿಂದ ಇಲ್ಲಿಗೆ ಬಂದಿದ್ದಾರೆ, ಅವರ ಗತಿಯೇನು ಅಂತ ಅಧ್ಯಕ್ಷರನ್ನೇ ನೇರವಾಗಿ ಕೇಳಿದ್ದ.

ವಾಪಸು ಬರುವಾಗ ಹಿರಿಯರು ಒಂದು ಮಾತೂ ಆಡಲಿಲ್ಲ. ಸಂಜೆ ನನ್ನ ಹೆಂಡತಿ, ‘ಇವತ್ತು ಆ ಮನೆಯಲ್ಲಿ ಒಲೆ ಹಚ್ಚಿರಲಿಕ್ಕಿಲ್ಲ ಕಣ್ರೀ, ಹೋಗಿ ಕೊಟ್ಟು ಬನ್ನಿ’ ಅಂತ ಡಬ್ಬಿ ಕೈಗಿಟ್ಟಳು. ಪುಳಿಯೋಗರೆಯೋ ಚಿತ್ರಾನ್ನವೋ ಮರೆತಿದ್ದೇನೆ. ಹೋಗಿ ನೋಡಿದರೆ ಎದುರು ಮನೆಯಾಕೆ ಆಗಲೇ ಏನೋ ಬೇಯಿಸಿ, ಮೇಲೆ ಬಟ್ಟೆ ಮುಚ್ಚಿ ತಂದಿಟ್ಟಿದ್ದರು. ಸಾವಿನ ಮನೆಗೆ ಅಕ್ಕಪಕ್ಕದವರು ಅಡುಗೆ ಕೊಡುವ ಪದ್ಧತಿ ಅಲ್ಲಿಯೂ ಇದೆ. ಆಕೆ ಟಸ್ಕಲೂಸಾ ಕಡೆಯವರು, ಅವರ ಬಾಗಿಲಲ್ಲಿ ಆ ತಂಡದ ಕೆಂಪು ಬಾವುಟವೇ ಇತ್ತು. ಇಷ್ಟು ಹತ್ತಿರದಲ್ಲಿ ಎರಡು ತಂಡ ಯಾಕೆ ಬೇಕು ಅಂತ ವಾದಿಸುತ್ತಿದ್ದವರೂ ಅವರೇ. ಅವತ್ತು ವಾದ ಮಾಡಲಿಲ್ಲ.

ಸಿಟ್ಟಿನ ಬೇರು ಅಲ್ಲೇ ಇತ್ತು. ಟಸ್ಕಲೂಸಾ, ಬರ್ಮಿಂಗ್‌ಹ್ಯಾಮ್, ಹಂಟ್ಸ್‌ವಿಲ್ ಮೂರಕ್ಕೂ ಸೇರಿ ಒಂದೇ ಟ್ರಸ್ಟಿಗಳ ಮಂಡಳಿ. ದೊಡ್ಡ ತಂಡಕ್ಕೆ ಬೇಕಾಗಿ ನಮ್ಮ ಸಣ್ಣ ತಂಡವನ್ನು ಕೊಂದರು ಅಂತಲೇ ಹಸಿರು ಟೋಪಿಯವರೆಲ್ಲ ನಂಬಿದ್ದರು. ಖರ್ಚಿನ ಲೆಕ್ಕ ಸುಳ್ಳು ಅಂತ ನಾನು ಹೇಳಲಾರೆ, ಕಾಲೇಜು ಫುಟ್ಬಾಲ್ ಹಣ ನುಂಗುವ ಆಟವೇ. ಆದರೆ ಊರಿನವರನ್ನು ಕೂರಿಸಿಕೊಂಡು, ಹೀಗಿದೆ ನೋಡಿ, ನಿಮ್ಮಿಂದ ಎಷ್ಟಾಗುತ್ತದೆ ಅಂತ ಮೊದಲೇ ಕೇಳಬೇಕಿತ್ತು. ಆ ಕೊರಗು ನನಗೆ ಈಗಲೂ ಇದೆ.

ಅಮೆರಿಕದಲ್ಲಿ ಇದು ಹೊಸದೇನಲ್ಲ. ನಮ್ಮ ಎ.ಕೆ. ರಾಮಾನುಜನ್ ಪಾಠ ಹೇಳುತ್ತಿದ್ದ ಶಿಕಾಗೋ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಫುಟ್ಬಾಲಿನ ದೊಡ್ಡ ಮನೆ. ಅಲ್ಲಿ 1939ರಲ್ಲಿ ಹಚಿನ್ಸ್ ಅನ್ನುವ ಅಧ್ಯಕ್ಷರು ಆಟ ನಿಲ್ಲಿಸಿದರು. ಖಾಲಿ ಬಿದ್ದ ಆ ಮೈದಾನದ ಗ್ಯಾಲರಿಯ ಕೆಳಗೇ ಫರ್ಮಿ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಸಿದ್ದು. ಅದೂ 1942ರ ಡಿಸೆಂಬರ್ 2! ಮಗ ಇದನ್ನು ಹೇಳಿದಾಗ ಹಿರಿಯರು ಕಣ್ಣರಳಿಸಿ ಕೇಳಿ, ‘ಅಲ್ಲಿ ಆಟ ಮತ್ತೆ ಬಂತೋ?’ ಅಂದರು. 1969ರಲ್ಲಿ ಬಂತು, ಸಣ್ಣ ಮಟ್ಟದಲ್ಲಿ. ‘ಮೂವತ್ತು ವರ್ಷ ಕಾಯೋಕೆ ನನ್ನ ಕೈಲಾಗಲ್ಲ’ ಅಂದರು.

ಕಾಯಬೇಕಾಗಲಿಲ್ಲ. ‘ಫ್ರೀ ಯು.ಎ.ಬಿ.’ ಅನ್ನುವ ಹಸಿರು ಬೋರ್ಡು ಅಂಗಡಿ, ಅಂಗಳಗಳಲ್ಲಿ ಎದ್ದವು. ಜನವರಿಯಲ್ಲಿ ಅಧ್ಯಾಪಕರ ಸಭೆ ಅಧ್ಯಕ್ಷರ ಮೇಲೆ ಅವಿಶ್ವಾಸ ಸೂಚಿಸಿತು. ಲೀಜನ್ ಫೀಲ್ಡ್‌ಗೆ ಒಂದು ದಿನವೂ ಕಾಲಿಡದವರು ಕೂಡ ಹಸಿರಂಗಿ ಕೊಂಡರು. ಆ ಕಡೆ ಬೇರೆ ಕಾಲೇಜಿನ ಕೋಚ್‌ಗಳು ಬಂದು ಆಟಗಾರರನ್ನು ಕರೆದುಕೊಂಡು ಹೋಗುತ್ತಿದ್ದರು, ಉಳಿದವರು ಕೆಲವೇ ಮಂದಿ. ಈ ಕಡೆ ಕಂಪನಿಗಳು, ಹಳೆಯ ವಿದ್ಯಾರ್ಥಿಗಳು, ಹಾಲಿ ವಿದ್ಯಾರ್ಥಿಗಳು, ಸಾಮಾನ್ಯ ಜನ ದುಡ್ಡು ಕೊಡುತ್ತೇವೆಂದು ಮುಂದೆ ಬಂದರು. ನಮ್ಮ ಹಿರಿಯರೂ ಕೊಟ್ಟರು, ಎಷ್ಟು ಅಂತ ಹೇಳಲಿಲ್ಲ.

ಅಷ್ಟರಲ್ಲಿ ನಾವು ಭದ್ರಾವತಿಗೆ ಮರಳಿದ್ದೆವು. 2015ರ ಜೂನ್ ಮೊದಲ ದಿನ, ಮುಚ್ಚಿದ್ದ ವಾಟ್ಸ್ ಅವರೇ ಮೂರೂ ತಂಡಗಳು ವಾಪಸು ಬರುತ್ತವೆ ಅಂತ ಸಾರಿದರು. ಒಮ್ಮೆ ಆಡಿದ ಮಾತನ್ನು ಎಲ್ಲರೆದುರು ಹಿಂದಕ್ಕೆ ತೆಗೆದುಕೊಳ್ಳುವುದು ಅಧಿಕಾರದಲ್ಲಿದ್ದವರಿಗೆ ಸುಲಭವಲ್ಲ, ಅದಕ್ಕಾಗಿ ಅವರಿಗೊಂದು ನಮಸ್ಕಾರ ಸಲ್ಲಲೇಬೇಕು. ಅದಕ್ಕಿಂತ ದೊಡ್ಡ ನಮಸ್ಕಾರ ಕ್ಲಾರ್ಕ್ ಅವರಿಗೆ. ಆಡಲು ಒಂದೇ ಒಂದು ಪಂದ್ಯವಿಲ್ಲದೆ ಎರಡು ಸೀಸನ್ ಆತ ಅಲ್ಲೇ ಕೂತು, ಹುಡುಗರನ್ನು ಒಬ್ಬೊಬ್ಬರನ್ನಾಗಿ ಸೇರಿಸಿ, ಬರೀ ಅಭ್ಯಾಸ ಮಾಡಿಸಿದರು. ಮರಳಿ ಬಂದ ಎರಡನೇ ವರ್ಷಕ್ಕೇ, 2018ರಲ್ಲಿ, ಆ ತಂಡ ತನ್ನ ಕಾನ್ಫರೆನ್ಸಿನ ಚಾಂಪಿಯನ್ ಆಯಿತು.

ಮರಳಿ ಬಂದ ಮೊದಲ ಆಟ 2017ರ ಸೆಪ್ಟೆಂಬರಿನಲ್ಲಿ, ಅಲಬಾಮಾ ಎ ಆ್ಯಂಡ್ ಎಂ ತಂಡದ ಮೇಲೆ. ಮೈದಾನದಲ್ಲಿ 45,212 ಜನ. 38ಕ್ಕೆ 7ರಿಂದ ಗೆಲುವು. ಮಾರನೆಯ ದಿನ ಮಗ ಫೋನನ್ನು ಹಿರಿಯರ ಕೈಗೆ ಕೊಟ್ಟ. ದನಿ ಪೂರ್ತಿ ಒಡೆದುಹೋಗಿತ್ತು. ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ ಸರ್, ಎಲ್ಲೋ ದೂರ ಬಿಟ್ಟು ನಡೆದು ಹೋಗುವಷ್ಟರಲ್ಲಿ ಆಟ ಶುರುವಾಗಿತ್ತು, ನನ್ನ ಮಾಮೂಲಿ ಸಾಲಿನಲ್ಲಿ ಯಾರ್ಯಾರೋ ಕೂತಿದ್ದರು ಅಂತ ಒಂದೇ ಸಮನೆ ಹೇಳಿಕೊಂಡರು. ಇಷ್ಟು ವರ್ಷದಲ್ಲಿ ಹೀಗಾದದ್ದು ಇದೇ ಮೊದಲಂತೆ. ‘ಮುಂದಿನ ಸಲ ಬೆಳಗ್ಗೆ ತಿಂಡಿ ಕಟ್ಟಿಕೊಂಡೇ ಹೊರಟುಬಿಡುತ್ತೇನೆ’ ಅಂದು, ಮ್ಯಾಮ್ ಹೇಗಿದ್ದಾರೆ ಅಂತ ವಿಚಾರಿಸಿದರು.