ನರಿಮೊಗರಿನ ಮೂರು ಗಾಲಿ

ಮಂಗಳೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಸಾಗುವ ರೈಲುದಾರಿಯಲ್ಲಿ, ಕಬಕ ಪುತ್ತೂರನ್ನು ದಾಟಿದ ಮೇಲೆ ಸಿಗುವ ಪುಟ್ಟ ನಿಲ್ದಾಣ ನರಿಮೊಗರು. ಅಡಕೆಯ ತೋಟಗಳು, ಮುರಕಲ್ಲಿನ ಕೆಂಪು ಗುಡ್ಡಗಳು, ಗುಡ್ಡವನ್ನು ಬಳಸಿ ಮನೆಯಂಗಳಕ್ಕೆ ಇಳಿಯುವ ಇಕ್ಕಟ್ಟಾದ ದಾರಿಗಳು. ದೊಡ್ಡ ವಾಹನಗಳು ಹಿಂಜರಿಯುವ ಇಂಥ ಏರುತಗ್ಗುಗಳಲ್ಲಿ ಸಂಕೋಚವಿಲ್ಲದೆ ಓಡಾಡುವುದು ರಿಕ್ಷಾ. ಆಸ್ಪತ್ರೆಗೆ ಹೊರಟ ಗರ್ಭಿಣಿಗೂ ಶಾಲೆಯ ಮಕ್ಕಳಿಗೂ ಅದೇ ರಥ.

ಈ ರಥದ ವಂಶಮೂಲವನ್ನು ಅರಸಿದರೆ ಇಟಲಿಯ ಪೊಂತೆದೇರಾ ಪಟ್ಟಣವನ್ನು ಸೇರಬೇಕು. ಅಲ್ಲಿ ಪಿಯಾಜಿಯೊ ಸಂಸ್ಥೆ ವಿಮಾನಗಳನ್ನು ಕಟ್ಟುತ್ತಿತ್ತು. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಕಾರ್ಖಾನೆ ಹಾಳಾಯಿತು. ವಿಮಾನಶಿಲ್ಪಿ ಕೊರಾದಿನೊ ದಾಸ್ಕಾನಿಯೊ ರೂಪಿಸಿದ ವೆಸ್ಪಾ ಸ್ಕೂಟರು 1946ರಲ್ಲಿ ಬಂದಿತು. 1948ರಲ್ಲಿ ಅದರ ಮೂರು ಗಾಲಿಯ ತಂಗಿ ‘ಆಪೆ’. ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನುನೊಣ. ಪಿಯಾಜಿಯೊದ ಪರವಾನಗಿಯಿಂದ ಪುಣೆಯ ಬಜಾಜ್ ಸಂಸ್ಥೆ 1960ರ ದಶಕದಲ್ಲಿ ತಯಾರಿಸಿದ ರಿಕ್ಷಾಗಳು ಈ ಜೇನಿನ ಸಂತತಿಯೇ.

ಪೆಟ್ರೋಲಿಗೂ ಹಣಕ್ಕೂ ಬರವಿದ್ದ ಆ ಕಾಲದ ಯುರೋಪಿನಲ್ಲಿ ಪುಟ್ಟ ಕಾರುಗಳ ಸಂತೆಯೇ ನೆರೆದಿತ್ತು. ವಿಮಾನಕ್ಕೆ ಹೆಸರಾದ ಮೆಸ್ಸರ್‌ಸ್ಮಿಟ್‌ನ ಹೆಸರು ಹೊತ್ತ, 1955ರ ‘ಕೆ.ಆರ್. 200’ ಕಾರಿನಲ್ಲಿ ಗಾಜಿನಂಥ ಗುಮ್ಮಟದಡಿ ಒಬ್ಬರ ಹಿಂದೊಬ್ಬರು ಕೂರಬೇಕು. ಐಲ್ ಆಫ್ ಮ್ಯಾನ್ ದ್ವೀಪದ ಪೀಲ್ ಊರಿನಲ್ಲಿ 1962ರಲ್ಲಿ ಹುಟ್ಟಿದ ‘ಪಿ 50’ರಲ್ಲಿ ಒಬ್ಬನಿಗಷ್ಟೇ ಸ್ಥಳ. ಹಿಂದಕ್ಕೆ ಚಲಿಸುವ ಗೇರು ಇರಲಿಲ್ಲ. ತಿರುಗಿಸಬೇಕಾದರೆ ಇಳಿದು, ಹಿಂಬದಿಯ ಹಿಡಿಯನ್ನು ಹಿಡಿದೆತ್ತುವುದು! ಕೈಗೆಟಕುವ ಬೆಲೆಗೆ ನಿಜವಾದ ಕಾರು ದೊರೆತೊಡನೆ ಈ ಸಂತೆ ಚದುರಿತು.

ಕನ್ನಡನಾಡೂ ಈ ಸಾಹಸವನ್ನು ಕಂಡಿದೆ. ಬೆಂಗಳೂರಿನ ಸಿಪಾನಿ ಸಂಸ್ಥೆ 1970ರ ದಶಕದಲ್ಲಿ ನಾರುಗಾಜಿನ ಮೈಯ, ಮೂರು ಗಾಲಿಯ ‘ಬಾದಲ್’ ಕಾರನ್ನು ಹೊರತಂದಿತು. ಅನಂತರ ಬಂದ ನಾಲ್ಕು ಗಾಲಿಯ ‘ಡಾಲ್ಫಿನ್’ ಇಂಗ್ಲೆಂಡಿನ ರಿಲಯಂಟ್ ಕಿಟನ್‌ನ ಪ್ರತಿರೂಪ. 1983ರ ಡಿಸೆಂಬರಿನಲ್ಲಿ ಮಾರುತಿ ಬೀದಿಗಿಳಿಯಿತು; ಡಾಲ್ಫಿನ್ ಅದರೆದುರು ನಿಲ್ಲಲಾರದೆ ಹೋಯಿತು. 2001ರಲ್ಲಿ ಅದೇ ಊರಿನ ವಿದ್ಯುತ್ ಕಾರು ‘ರೇವಾ’ ಲಂಡನ್ನಿನವರೆಗೆ ಹೋಗಿ ಬಂದರೂ ಇಂದು ತಯಾರಾಗುತ್ತಿಲ್ಲ.

ಒಂದೇ ಬಡತನದ ಮಕ್ಕಳಲ್ಲಿ ಕಾರು ಅಳಿದು ರಿಕ್ಷಾ ಉಳಿದುದೇಕೆ? ಸ್ವಂತಕ್ಕೆ ಕಾರು ಕೊಳ್ಳುವವನು ನೆರೆಮನೆಯ ಕಾರಿನೊಡನೆ ಅದನ್ನು ಅಳೆಯುತ್ತಾನೆ. ಅಲ್ಲಿ ಚಿಕ್ಕದೆಂಬುದೇ ಕೊರತೆ. ರಿಕ್ಷಾದ ಅಳತೆ ಬೇರೆ: ಅಂದಿನ ಬಾಡಿಗೆಯಿಂದ ಒಂದು ಸಂಸಾರದ ಗಂಜಿ ಬೇಯಬೇಕು, ದಾರಿ ಎಷ್ಟೇ ಕಿರಿದಾದರೂ ಕರೆದವರ ಅಂಗಳವನ್ನು ಮುಟ್ಟಬೇಕು. ನರಿಮೊಗರಿನ ಇಳಿಜಾರಿನಲ್ಲಿ ಆ ಚಿಕ್ಕತನವೇ ಅದರ ಯೋಗ್ಯತೆ.